ಅಪ್ಪ ನೆಟ್ಟ ಸೊಟ್ಟ ಸಾಲು

ನಾನು ಚಿಕ್ಕವಳಿದ್ದಾಗ ದೊಡ್ಡವರ ಸಾಲಿನಲ್ಲಿ ಸೇರಿಕೊಳ್ಳುವ ಆತುರ ನನಗೆ ಸ್ವಲ್ಪ ಹೆಚ್ಚಾಗಿಯೇ ಇತ್ತು. ಆ ಆತುರ ಒಂದು ದಿನ ನನ್ನ ಓದನ್ನೇ ನುಂಗಿಬಿಡುತ್ತಿತ್ತು. ತಡೆದವನು ಅಪ್ಪ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ಈ ಅಜ್ಜಿಯೇ ಅಂತ ನಿಮ್ಮ ಅಮ್ಮ ಬಂದವರಿಗೆಲ್ಲ ಹೇಳುತ್ತಾಳಲ್ಲ ಮಕ್ಕಳೇ, ಆ ಡಿಗ್ರಿ ಶುರುವಾದದ್ದು ಕಾಲೇಜಿನಲ್ಲಲ್ಲ. ದೊಡ್ಡವ್ವನ ಹೊಲದಲ್ಲಿ. ಅದನ್ನು ಇವತ್ತು ಹೇಳಿಬಿಡುತ್ತೇನೆ.

ನಮ್ಮೂರು ಬಿಳಿಕೆರೆಯಿಂದ ಮೂರು ಮೈಲಿ ಒಳಗೆ. ಕೆಂಪು ಮಣ್ಣಿನ ದಾರಿ, ದಾರಿಯ ಎರಡೂ ಕಡೆ ಕಳ್ಳಿಬೇಲಿ, ಬೇಲಿಯಾಚೆ ರಾಗಿ ಮತ್ತು ಹೊಗೆಸೊಪ್ಪಿನ ಹೊಲಗಳು. ಮನೆಯಲ್ಲಿ ನಾಲ್ಕೇ ಜನ: ಅಪ್ಪ, ಅವ್ವ, ಅಕ್ಕ, ನಾನು. ಪಕ್ಕದ ಮನೆ ದೊಡ್ಡವ್ವನದು, ಅಂದರೆ ಅಪ್ಪನ ಅಣ್ಣನ ಹೆಂಡತಿಯದು. ಎರಡು ಮನೆಗೂ ನಡುವೆ ಇದ್ದದ್ದು ಒಂದು ಮೋಟುಗೋಡೆ. ಅವರು ಒಗ್ಗರಣೆ ಹಾಕಿದರೆ ಸೀನು ನಮಗೆ ಬರುತ್ತಿತ್ತು. ದೊಡ್ಡವ್ವನ ಗಂಟಲು ಎಷ್ಟು ದೊಡ್ಡದೆಂದರೆ, ಅವಳು ತನ್ನ ಎಮ್ಮೆಯನ್ನು ಬೈದರೆ ನಮ್ಮ ಎಮ್ಮೆ ಮೇವು ಬಿಟ್ಟು ತಲೆ ಎತ್ತುತ್ತಿತ್ತು.

ಊರಿನ ಶಾಲೆ ಏಳನೆಯ ಕ್ಲಾಸಿಗೆ ಮುಗಿಯುತ್ತಿತ್ತು. ಅಕ್ಕ ನಾಲ್ಕಕ್ಕೇ ಬಿಟ್ಟಿದ್ದಳು. ನಾನು ಏಳು ಮುಗಿಸಿದೆ. ಮುಂದೆ ಓದಲು ಇದ್ದದ್ದು ಒಂದೇ ದಾರಿ, ಹುಣಸೂರಿನ ಹೆಣ್ಣುಮಕ್ಕಳ ಹಾಸ್ಟೆಲ್ಲು. ಅಲ್ಲಿ ಇದ್ದುಕೊಂಡು ಹೈಸ್ಕೂಲಿಗೆ ಹೋಗಬಹುದಿತ್ತು. ಆದರೆ ಸೇರಿಸಿಕೊಳ್ಳುವ ಮೊದಲು ಒಂದು ದಿನ ಗೊತ್ತುಮಾಡಿ, ಮಕ್ಕಳನ್ನು ಕರೆಸಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಮಾತನಾಡಿಸಿ ನೋಡುತ್ತಿದ್ದರು. ಆ ದಿನ ಹೋಗದವರಿಗೆ ಸೀಟಿಲ್ಲ. ಸೀಟಿಲ್ಲದಿದ್ದರೆ ನಾನೂ ಅಕ್ಕನ ಜೊತೆ ಕುಡುಗೋಲು ಹಿಡಿದು ಹೊಲಕ್ಕೆ ಹೋಗುವುದೇ.

ಇಂಗ್ಲಿಷನ್ನು ನಮಗೆ ಕಲಿಸಿದವರು ಮೇಷ್ಟ್ರು. ಬಿಳಿಕೆರೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಅವರು ಹೇಳಿಕೊಟ್ಟ ಸಿಂಪಲ್ ಪ್ರೆಸೆಂಟ್ ಟೆನ್ಸನ್ನು ನಾನು ಈಗಲೂ ಹಾಗೆಯೇ ಹೇಳಬಲ್ಲೆ. "ಇವತ್ತು ಮಾತ್ರ ಆಗೋದಲ್ಲ ಇದು. ದಿನಾ ಆಗೋದು, ವಾಡಿಕೆಯಾಗಿ ಆಗೋದು. ಸೂರ್ಯ ಹುಟ್ಟುತ್ತಾನೆ, ಹಸು ಹಾಲು ಕೊಡುತ್ತೆ, ನಿಮ್ಮವ್ವ ರೊಟ್ಟಿ ತಟ್ಟುತ್ತಾಳೆ. ನಾನು, ನೀನು, ನಾವು, ಅವರು ಬಂದರೆ ಕ್ರಿಯಾಪದ ಬರಿ ಹೆಗಲಲ್ಲಿ ಬರುತ್ತೆ. ಅವನು, ಅವಳು, ಅದು ಬಂದರೆ ಮಾತ್ರ ಅದರ ಹೆಗಲಿಗೆ ಒಂದು ಟವಲ್ಲು ಹಾಕಬೇಕು. ಆ ಟವಲ್ಲೇ ಎಸ್ಸು." ಹೀಗೆ ಹೇಳಿ ತಮ್ಮ ಹೆಗಲಿನ ಟವಲ್ಲನ್ನು ತೆಗೆದು, ಮತ್ತೆ ಹಾಕಿಕೊಂಡು ತೋರಿಸುತ್ತಿದ್ದರು. 'ಐ ಗೋ' ಅಂದಾಗ ಟವಲ್ಲು ಕೈಯಲ್ಲಿ, 'ಶಿ ಗೋಸ್' ಅಂದಾಗ ಹೆಗಲ ಮೇಲೆ. ನಾನು ಎಮ್ಮೆ ಮೇಯಿಸುವಾಗ ಎಮ್ಮೆಗೇ ಹೇಳುತ್ತಿದ್ದೆ. "ಐ ಈಟ್. ಯು ಈಟ್. ದಿ ಬಫೆಲೋ ಈಟ್ಸ್." ಎಮ್ಮೆ ಮೇಯುತ್ತಲೇ ಇರುತ್ತಿತ್ತು.

ಈಗ ನನ್ನ ಆತುರದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಮುಯ್ಯಾಳು ಅಂತ ಒಂದು ಪದ್ಧತಿ ಇತ್ತು. ನಿಮ್ಮ ಮನೆಯವರು ನಮ್ಮ ಹೊಲಕ್ಕೆ ಒಂದು ದಿನ ಬಂದು ದುಡಿದರೆ, ನಮ್ಮ ಮನೆಯವರು ನಿಮ್ಮ ಹೊಲಕ್ಕೆ ಒಂದು ದಿನ ಬಂದು ದುಡಿಯಬೇಕು. ಕೂಲಿಯ ಮಾತೇ ಇಲ್ಲ. ದಿನಕ್ಕೆ ದಿನ. ಗಂಡಾಳು ಬಂದಿದ್ದರೆ ಗಂಡಾಳು ಹೋಗಬೇಕು, ಹೆಣ್ಣಾಳು ಬಂದಿದ್ದರೆ ಹೆಣ್ಣಾಳು. ಯಾರೂ ಬರೆದಿಡುತ್ತಿರಲಿಲ್ಲ, ಯಾರೂ ಮರೆಯುತ್ತಲೂ ಇರಲಿಲ್ಲ. ಮುಯ್ಯಿ ತಪ್ಪಿಸಿದ ಮನೆಯ ಹೊಲಕ್ಕೆ ಮುಂದಿನ ವರ್ಷ ಯಾರೂ ಕಾಲಿಡುತ್ತಿರಲಿಲ್ಲ. ಮಕ್ಕಳನ್ನು ಅರ್ಧ ಆಳು ಅಂತ ಹಿಡಿಯುತ್ತಿದ್ದರು. ಆ 'ಅರ್ಧ' ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

ಆ ವರ್ಷ ನಮ್ಮ ಹೊಲಕ್ಕೆ ಹೊಗೆಸೊಪ್ಪಿನ ಸಸಿ ನೆಡುವ ಹಿಂದಿನ ದಿನ ದೊಡ್ಡವ್ವ, ನಾವು ಎಷ್ಟು ಆಳು ತಿರುಗಿ ಕೊಡಬಲ್ಲೆವು ಎಂದು ಲೆಕ್ಕ ಹಿಡಿಯಲು ಬಂದಳು. "ನಿಮ್ಮನೇಲಿ ಎಣ್ಣಾಳು ಎರಡೂವರೆ," ಅಂದಳು. ನಾನು ಒಲೆಯ ಮುಂದಿನಿಂದ ಎದ್ದು ಬಂದೆ.

"ಎರಡೂವರೆ ಅಲ್ಲ ದೊಡ್ಡವ್ವ, ಮೂರು. ನಾನು ಅಕ್ಕನ ಸರಿಸಮಕ್ಕೆ ಸಾಲು ಇಡೀತೀನಿ."

"ಓಹೋ, ನೋಡ್ರಮ್ಮಿ ಇವ್ಳ ಜಂಬವಾ! ಆಯ್ತು ಕಣವ್ವ, ಇಡೀ ಆಳೇ ಆಗು. ಆಮೇಲೆ ಮುಯ್ಯಿ ತೀರ್ಸೋವಾಗ ಸೊಂಟ ನೋವು, ಕಾಲು ನೋವು ಅನ್ಬ್ಯಾಡ."

ಅವ್ವ ನನ್ನ ಕಡೆ ಕಣ್ಣು ಬಿಟ್ಟಳು. ನಾನು ನೋಡದವಳಂತೆ ನಿಂತೆ. ಮಾರನೆಯ ದಿನ ದೊಡ್ಡವ್ವ ತನ್ನ ಇಬ್ಬರು ಸೊಸೆಯರನ್ನೂ ಕರೆದುಕೊಂಡು ಬಂದಳು. ಮೂರು ಇಡೀ ಆಳು. ಸೂರ್ಯ ಇಳಿಯುವ ಹೊತ್ತಿಗೆ ನಮ್ಮ ಹೊಲ ತುಂಬ ಸಸಿ ನಿಂತಿತ್ತು. ಅಂದು ನಾನು ಎಷ್ಟು ಬೀಗಿದ್ದೆನೆಂದರೆ, ರಾಗಿಮುದ್ದೆಯನ್ನೂ ಅಕ್ಕನದರಷ್ಟೇ ದೊಡ್ಡದು ಕೇಳಿ ಹಾಕಿಸಿಕೊಂಡೆ. ಅರ್ಧ ತಿಂದು ಬಿಟ್ಟೆ.

ದೊಡ್ಡವ್ವನ ಹೊಲದ ನಾಟಿ ಇನ್ನೊಂದು ಮಳೆಗೆ ಕಾಯುತ್ತಿತ್ತು. ಆ ಮಳೆ ಬಂದದ್ದು ಹಾಸ್ಟೆಲ್ಲಿನವರು ಕರೆದಿದ್ದ ದಿನದ ಹಿಂದಿನ ಮಧ್ಯಾಹ್ನ. ಮೊದಲು ಬಿಸಿ ಮಣ್ಣಿನ ಘಮ, ಆಮೇಲೆ ಹಂಚಿನ ಮೇಲೆ ಟಪಟಪ, ಆಮೇಲೆ ಒಂದು ಗಂಟೆ ಸುರಿದು ತಟ್ಟನೆ ನಿಂತಿತು. ಅಪ್ಪ ಅಂಗಳಕ್ಕಿಳಿದು ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನೋಡಿದ. ಉಂಡೆಯಾಯಿತು, ಕೈಗೆ ಅಂಟಲಿಲ್ಲ. ಅಂದರೆ ಹದ. ಸಸಿ ನೆಡಲು ಹೇಳಿ ಮಾಡಿಸಿದ ಹದ ಅದು, ಒಂದೆರಡು ದಿನವಷ್ಟೇ ಇರುತ್ತದೆ. ಮಾರನೆಯ ದಿನವೇ ನಾನು ಹುಣಸೂರಿನಲ್ಲಿರಬೇಕಿತ್ತು. ಅಷ್ಟರಲ್ಲಿ ಗೋಡೆಯ ಆಚೆಯಿಂದ ದೊಡ್ಡವ್ವನ ಕೂಗು ಬಂತು.

"ಏ ಅಮ್ಮಿ, ನಾಳೆ ನಮ್ಮ ನಾಟಿ ಕಣಮ್ಮಿ! ಮೂರಾಳು! ಬೆಳಗ್ಗೆ ಬಿಸ್ಲು ಏರೋಕ್ ಮುಂಚೆ ಬಂದ್ಬುಡಿ."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇರಿಯ ಮನೆಮನೆಗೂ ಹೋಗಿ ಬಂದಳು, ನನ್ನ ಬದಲಿಗೆ ಯಾರಾದರೂ ಒಬ್ಬ ಹೆಣ್ಣುಮಗಳು ಸಿಗುತ್ತಾಳೇನೋ ಅಂತ. ಮಳೆ ಎಲ್ಲರ ಹೊಲಕ್ಕೂ ಬಂದಿತ್ತು. ಎಲ್ಲರೂ ಒಬ್ಬರಲ್ಲ ಒಬ್ಬರಿಗೆ ಮಾತು ಕೊಟ್ಟಿದ್ದರು. ವಿಷಯ ತಿಳಿದು ದೊಡ್ಡವ್ವನೇ ನಮ್ಮ ಜಗಲಿಗೆ ಬಂದಳು. ಅವಳಿಗೂ ಬೇಜಾರಾಗಿತ್ತು. "ನಾನೇನ್ ಮಾಡ್ಲಿ ಏಳಿ? ಮಳೆ ನನ್ನ ಕೇಳ್ಕಂಡ್ ಬಂತಾ? ಆಗ್ಲೇ ಅರ್ಧ ಮಡಿ ಸಸಿ ಕಿತ್ತಾಗದೆ. ಒಂದಾಳು ಕಮ್ಮಿ ಆದ್ರೆ ಒಂದು ಮೂಲೆ ಅಂಗೇ ಒಣಗೋಯ್ತದೆ." ನಾನು ಕಂಬ ಹಿಡಿದು ನಿಂತಿದ್ದೆ. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಅಪ್ಪ ಬೀಡಿ ಆರಿಸಿ ಕಿವಿಯ ಮೇಲಿಟ್ಟುಕೊಂಡ. "ಅವ್ಳ ಸಾಲು ನಾನ್ ಇಡೀತೀನಿ."

"ನೀನಾ ಮೈದ? ಎಣ್ಣಾಳಿಗೆ ಎಣ್ಣಾಳೇ ಬರ್ಬೇಕು ಕಣಪ್ಪ."

"ಅಂಗಾದ್ರೆ ನಾಳೆ ಒಂದಿನ ನನ್ನೇ ಎಣ್ಣಾಳು ಅಂದ್ಕಳಿ ಅತ್ತಿಗೆ. ಮಗ ಕೊಟ್ಟ ಮಾತೂ ಉಳೀಬೇಕು, ಅವ್ಳ ಓದೂ ಉಳೀಬೇಕು."

ಅಪ್ಪ ನನ್ನನ್ನು ಕರೆಯುತ್ತಿದ್ದದ್ದೇ 'ಮಗ' ಅಂತ. ದೊಡ್ಡವ್ವ ನಕ್ಕಳು. "ಸೀರೆ ಬೇಕಾದ್ರೆ ನಂದೇ ಕೊಡ್ತೀನಿ ಬುಡು!"

ನಿಮಗೆ ಇದು ದೊಡ್ಡ ವಿಷಯ ಅನ್ನಿಸದೇ ಇರಬಹುದು. ನಮ್ಮೂರಲ್ಲಿ ಗಂಡಸರು ಉಳುತ್ತಿದ್ದರು, ಸಾಲು ಹೊಡೆಯುತ್ತಿದ್ದರು, ನೀರು ಹೊರುತ್ತಿದ್ದರು. ಸಸಿ ನೆಡಲು ಕೂರುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕೂತು, ಚೂಪು ಕಡ್ಡಿಯಿಂದ ಗುಳಿ ಮಾಡಿ, ಸಸಿ ಇಟ್ಟು, ಬೆರಳಿಂದ ಮಣ್ಣು ಒತ್ತಿ, ಹಾಗೆಯೇ ಮುಂದಕ್ಕೆ ಸರಿಯುತ್ತ ಇಡೀ ದಿನ ಹೋಗುವ ಆ ಕೆಲಸ ಹೆಂಗಸರದ್ದು ಎಂದು ಊರಿಗೆ ಊರೇ ನಂಬಿತ್ತು. ಮಾಡಿದ ಗಂಡಸನ್ನು ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರು. ಅಪ್ಪನಿಗೆ ಅದು ಗೊತ್ತಿತ್ತು. ಅದಕ್ಕಿಂತ ಇನ್ನೊಂದು ತೊಂದರೆ ಇತ್ತು. ನನ್ನನ್ನು ಹುಣಸೂರಿಗೆ ಕರೆದುಕೊಂಡು ಹೋಗಬೇಕಾಗಿದ್ದವನು ಅಪ್ಪನೇ. ಅಪ್ಪ ಮೇಷ್ಟ್ರ ಹತ್ತಿರ ಹೋಗಿ ಕೇಳಿಕೊಂಡ. ಅವರು ಆಗಲಿ ಎಂದರು.

ಬೆಳಿಗ್ಗೆ ಅಕ್ಕ ನನಗೆ ಎರಡು ಜಡೆ ಹಾಕಿದಳು. ಎಣ್ಣೆ ಕೆನ್ನೆಗೆ ಇಳಿಯುವಷ್ಟು ಹಚ್ಚಿದಳು. ಅವಳ ಹತ್ತಿರ ಇದ್ದದ್ದು ಒಂದೇ ಜೊತೆ ಕೆಂಪು ರಿಬ್ಬನ್ನು. ಅದನ್ನು ನನಗೆ ಕಟ್ಟಿ, "ಕಳ್ಕಂಡ್ ಬಂದ್ರೆ ಮನೆ ಒಳಕ್ ಸೇರ್ಸಕಿಲ್ಲ," ಅಂದಳು. ಉಗುರಿನ ಸಂದಿಯ ಕೆಂಪು ಮಣ್ಣನ್ನು ಎಷ್ಟು ಉಜ್ಜಿದರೂ ಹೋಗಲಿಲ್ಲ. ಮೇಷ್ಟ್ರ ಸೈಕಲ್ಲಿನ ಕ್ಯಾರಿಯರ್ ಮೇಲೆ ಗೋಣಿಚೀಲ ಮಡಚಿ ಹಾಕಿ ಕೂತೆ.

ಬಿಳಿಕೆರೆಯ ದಾರಿ ದೊಡ್ಡವ್ವನ ಹೊಲದ ಪಕ್ಕದಲ್ಲೇ ಹೋಗುತ್ತದೆ. ದೂರದಿಂದಲೇ ನಗು ಕೇಳಿತು. ಬಣ್ಣಬಣ್ಣದ ಸೀರೆಗಳ ಸಾಲು, ಅವ್ವನ ಮತ್ತು ಅಕ್ಕನ ನಡುವೆ ಒಂದು ಬಿಳಿ ಪಂಚೆ. ಅಪ್ಪ ಪಂಚೆಯನ್ನು ಮೇಲಕ್ಕೆ ಕಟ್ಟಿ, ತಲೆಗೆ ಟವಲ್ಲು ಸುತ್ತಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಎಲ್ಲರಿಗಿಂತ ಎರಡು ಮಾರು ಹಿಂದೆ ಬಿದ್ದಿದ್ದ. ನೀರು ಹೊರುತ್ತಿದ್ದ ಗಂಡಸೊಬ್ಬ, "ಏನಮ್ಮಣ್ಣಿ, ಬಳೆ ಮರ್ತು ಬಂದ್ಬುಟ್ಯಲ್ಲ!" ಎಂದು ಕೂಗಿದ. ದೊಡ್ಡವ್ವ ಅವನಿಗಿಂತ ಗಟ್ಟಿಯಾಗಿ ಕೂಗಿದಳು. "ನಿನ್ನ ಕೊಡ ನೋಡ್ಕಳ್ಲಾ ಮೊದ್ಲು, ಅರ್ಧ ನೀರು ದಾರಿಗೇ ಹುಯ್ತಾ ಇದ್ದೀಯ!"

ನನಗೆ ಸೈಕಲ್ಲಿನಿಂದ ಧುಮುಕಿ ಓಡಿಹೋಗಿ ಆ ಸಾಲನ್ನು ನಾನೇ ಹಿಡಿಯಬೇಕು ಅನ್ನಿಸಿತು. ಅಪ್ಪ ತಲೆ ಎತ್ತಿ ನೋಡಿದ. ಕೈಯಲ್ಲಿದ್ದ ಸಸಿಯನ್ನೇ ಎತ್ತಿ ಬೀಸಿದ. ಹೋಗು, ಹೋಗು ಅಂತ. ಮೇಷ್ಟ್ರು ಪೆಡಲ್ ಜೋರಾಗಿ ತುಳಿದರು.

ಬಿಳಿಕೆರೆಯಲ್ಲಿ ಬಸ್ಸು ಹತ್ತಿ ಹುಣಸೂರಿನಲ್ಲಿ ಇಳಿದೆವು. ಹಾಸ್ಟೆಲ್ಲಿನ ಉದ್ದ ಜಗಲಿಯಲ್ಲಿ ಫಿನಾಯಿಲ್ ವಾಸನೆ. ನೆಲ ಎಷ್ಟು ತಂಪೆಂದರೆ ಬರಿಗಾಲಿಗೆ ಹಿತವಾಗುತ್ತಿತ್ತು. ಹುಡುಗಿಯರು ಸಾಲಾಗಿ ಕೂತಿದ್ದರು, ಒಬ್ಬೊಬ್ಬರ ಪಕ್ಕದಲ್ಲೂ ಅವರವರ ಅಪ್ಪ. ಒಳಗೆ ಹೋದವರು ಹೇಳುತ್ತಿದ್ದದ್ದು ಹೊರಗೆ ಕೇಳುತ್ತಿತ್ತು. ಎಲ್ಲರನ್ನೂ ಅದೇ ಪ್ರಶ್ನೆ ಕೇಳುತ್ತಿದ್ದರು, ಎಲ್ಲರೂ ಅದೇ ಉತ್ತರ ಕೊಡುತ್ತಿದ್ದರು. "ಮೈ ಫಾದರ್ ಈಸ್ ಎ ಫಾರ್ಮರ್." ನನ್ನ ಅಪ್ಪ ರೈತ. ನಾನೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

ನನ್ನ ಸರದಿ ಬಂತು. ಮೇಜಿನ ಹಿಂದೆ ವಾರ್ಡನಮ್ಮ ಕೂತಿದ್ದರು. ದಪ್ಪ ಕನ್ನಡಕ, ಇಸ್ತ್ರಿ ಹಾಕಿದ ಬಿಳಿ ಸೀರೆ. ಮೊದಲು ನನ್ನ ಉಗುರು ನೋಡಿದರು. ಆಮೇಲೆ ನನ್ನ ಪಕ್ಕದಲ್ಲಿದ್ದ ಮೇಷ್ಟ್ರನ್ನು ನೋಡಿದರು.

"ನೀವು ತಂದೆಯೋ?"

"ಅಲ್ಲ ಅಮ್ಮಾವ್ರೇ, ಊರಿನ ಮೇಷ್ಟ್ರು. ಇವಳ ತಂದೆ ಬರಬೇಕಿತ್ತು, ಆದರೆ..."

"ನೀವು ಸುಮ್ಮನಿರಿ ಮೇಷ್ಟ್ರೇ. ತಂದೆ ತಾಯಿ ಬರದೆ ಸೇರಿಸಿಕೊಳ್ಳೋ ಹಾಗಿಲ್ಲ. ಮಗಳನ್ನ ಸೇರಿಸೋದಕ್ಕಿಂತ ದೊಡ್ಡ ಕೆಲಸ ಏನಂತೆ ಅವರಿಗೆ?" ಮೇಷ್ಟ್ರು ತಲೆ ತಗ್ಗಿಸಿದರು. ವಾರ್ಡನಮ್ಮ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು, "ವಾಟ್ ಡಸ್ ಯುವರ್ ಫಾದರ್ ಡು?" ನಿನ್ನ ಅಪ್ಪ ಏನು ಮಾಡುತ್ತಾರೆ?

ಬಾಯಿಪಾಠ ಮಾಡಿದ್ದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಕಣ್ಣ ಮುಂದೆ ಇದ್ದದ್ದು ಬಿಳಿ ಪಂಚೆ. "ಮೈ ಫಾದರ್ ಡಸ್ ಮೈ ವರ್ಕ್," ಅಂದೆ. ನನ್ನ ಅಪ್ಪ ನನ್ನ ಕೆಲಸ ಮಾಡುತ್ತಾನೆ.

ವಾರ್ಡನಮ್ಮ ಕನ್ನಡಕ ಕೆಳಗಿಳಿಸಿದರು. "ಹಾಗಂದ್ರೆ?" ನಾನು ಕನ್ನಡದಲ್ಲಿ ಶುರುಮಾಡಿದೆ. ಅವರು ಕೈ ಅಡ್ಡ ಹಿಡಿದರು. "ಇಂಗ್ಲಿಷಲ್ಲೇ ಹೇಳು. ಬರೋಷ್ಟು ಹೇಳು."

ಮುಯ್ಯಾಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಮೇಷ್ಟ್ರ ಮುಖ ನೋಡಿದೆ. ಅವರಿಗೂ ಗೊತ್ತಿರಲಿಲ್ಲ. ಆದರೆ ಅವರು ಸುಮ್ಮನೆ ತಮ್ಮ ಟವಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನಗೆ ದಾರಿ ಕಂಡಿತು. ವಾಡಿಕೆಯಾಗಿ ನಡೆಯುವುದನ್ನು ಹೇಳುವುದಕ್ಕೇ ಅಲ್ಲವೇ ಅವರು ನಮಗೆ ಅದನ್ನು ಕಲಿಸಿದ್ದು?

"ದೇ ಕಮ್ ಟು ಅವರ್ ಫೀಲ್ಡ್," ಅಂದೆ. ಅವರು ನಮ್ಮ ಹೊಲಕ್ಕೆ ಬರುತ್ತಾರೆ. "ವಿ ಗೋ ಟು ದೇರ್ ಫೀಲ್ಡ್." ನಾವು ಅವರ ಹೊಲಕ್ಕೆ ಹೋಗುತ್ತೇವೆ. "ದೇ ಗಿವ್ ಒನ್ ಡೇ. ವಿ ಗಿವ್ ಒನ್ ಡೇ." ಅವರು ಒಂದು ದಿನ ಕೊಡುತ್ತಾರೆ, ನಾವು ಒಂದು ದಿನ ಕೊಡುತ್ತೇವೆ. ಉಸಿರು ಎಳೆದುಕೊಂಡೆ. ಕಣ್ಣಂಚಿನಲ್ಲಿ ಮೇಷ್ಟ್ರ ಟವಲ್ಲು ಮೆಲ್ಲಗೆ ಹೆಗಲಿಗೆ ಏರಿತು. "ಟುಡೇ ಈಸ್ ಮೈ ಡೇ. ಮೈ ಫಾದರ್ ಗಿವ್ಸ್ ಮೈ ಡೇ." ಇವತ್ತು ನಾನು ಕೊಡಬೇಕಾದ ದಿನ. ಅದನ್ನು ನನ್ನ ಅಪ್ಪ ಕೊಡುತ್ತಾನೆ.

ವಾರ್ಡನಮ್ಮ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಆಮೇಲೆ ಮೇಷ್ಟ್ರನ್ನು ಕನ್ನಡದಲ್ಲಿ ಎಲ್ಲ ಕೇಳಿ ತಿಳಿದುಕೊಂಡರು. ಅಪ್ಪ ಹೆಂಗಸರ ಸಾಲಿನಲ್ಲಿ ಕೂತಿದ್ದಾನೆ ಎಂಬಲ್ಲಿಗೆ ಬಂದಾಗ ಅವರ ತುಟಿ ಸ್ವಲ್ಪ ಅಲುಗಿತು. ಒಂದು ಹಾಳೆ ತೆಗೆದು ಅದರಲ್ಲಿ ನನ್ನ ಹೆಸರು ಬರೆದರು. "ಇದಕ್ಕೆ ನಿಮ್ಮಪ್ಪನ ಹೆಬ್ಬೆಟ್ಟು ಬೇಕು. ಶನಿವಾರ ಅವರನ್ನೇ ಕರೆದುಕೊಂಡು ಬಾ. ನಾನೂ ಒಂದು ಸಲ ನೋಡಬೇಕು."

ಊರಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಅಪ್ಪ ಜಗಲಿಯ ಮೇಲೆ ಬೋರಲು ಮಲಗಿದ್ದ. ಅಕ್ಕ ಸೊಂಟಕ್ಕೆ ಹರಳೆಣ್ಣೆ ಹಚ್ಚಿ ನೀವುತ್ತಿದ್ದಳು. ಅವಳ ಕಣ್ಣು ಮೊದಲು ಹೋದದ್ದು ನನ್ನ ರಿಬ್ಬನ್ನಿನ ಮೇಲೆ. ಸೀಟು ಸಿಕ್ಕಿತು ಅಂದಾಗ ಅಪ್ಪ ಏಳಲು ಹೋಗಿ, ಆಗದೆ ಹಾಗೇ ಮಲಗಿಕೊಂಡೇ ನಕ್ಕ. "ಏನಂದೆ ಅಲ್ಲಿ? ಇಂಗ್ಲೀಷಲ್ಲಿ ಒಂದ್ಸತಿ ಏಳು ಮಗ." ಹೇಳಿದೆ. ಇನ್ನೊಂದು ಸಲ ಹೇಳಿಸಿದ. ಎರಡು ವಾಕ್ಯ ಕಲಿತುಕೊಂಡ. ಆಮೇಲೆ ಎಷ್ಟೋ ವರ್ಷ, ಗೋಡೆಯಾಚೆ ಮುಯ್ಯಾಳು ಕರೆಯಬೇಕಾದಾಗಲೆಲ್ಲ, "ಅತ್ತಿಗೇ, ದೇ ಕಮ್! ವಿ ಗೋ!" ಎಂದೇ ಕೂಗುತ್ತಿದ್ದ. ದೊಡ್ಡವ್ವ, "ಬತ್ತೀವಿ ಬುಡಪ್ಪ ದೊರೆ," ಅನ್ನುತ್ತಿದ್ದಳು.

ಅಂದು ಸಂಜೆ ಅವಳು ಗೋಡೆಯ ಮೇಲಿಂದ ಕತ್ತು ಚಾಚಿ ನನಗೆ ಒಂದು ಮಾತು ಹೇಳಿದಳು. "ನಿಮ್ಮಪ್ಪನ ಸಾಲು ಓಗಿ ನೋಡು. ಆವು ಅರ್ದಂಗದೆ!" ನಿಜ. ಎಲ್ಲರ ಸಾಲೂ ಹಗ್ಗ ಎಳೆದಂತೆ ನೆಟ್ಟಗಿದ್ದವು. ಅಪ್ಪನ ಸಾಲು ಮಾತ್ರ ಹಾವು ಹರಿದಂತೆ ಆ ಕಡೆ ಈ ಕಡೆ ಓಲಾಡುತ್ತ ಹೋಗಿತ್ತು. ಸಸಿ ಬೆಳೆದಂತೆ ಸೊಟ್ಟವೂ ಬೆಳೆಯಿತು. ದಾರಿಯಲ್ಲಿ ಹೋಗುವವರೆಲ್ಲ ಕೈ ತೋರಿಸುತ್ತಿದ್ದರು. ದಸರಾ ರಜೆಗೆ ನಾನು ಹಾಸ್ಟೆಲ್ಲಿನಿಂದ ಬಂದಾಗ ಸೊಪ್ಪೆಲ್ಲ ಮುರಿದಾಗಿತ್ತು, ಬರಿ ಕಡ್ಡಿಗಳು ನಿಂತಿದ್ದವು. ಅದರಲ್ಲೂ ಆ ಸಾಲು ಗೊತ್ತಾಗುತ್ತಿತ್ತು. ಜೊತೆಗೆ ಬಂದಿದ್ದ ಗೆಳತಿಗೆ ನಾನು ತೋರಿಸಿದೆ, "ಅದು ನನ್ನ ಸಾಲು ಕಣೇ. ನಮ್ಮಪ್ಪ ನೆಟ್ಟಿದ್ದು."

ಆ ಹಾಸ್ಟೆಲ್ಲಿನಿಂದ ಹೈಸ್ಕೂಲು, ಅಲ್ಲಿಂದ ಮೈಸೂರಿನಲ್ಲಿ ಬಿ.ಎ., ಅಲ್ಲಿಂದ ಇಂಗ್ಲಿಷ್ ಟೀಚರ್ ಕೆಲಸ. ಯಾವುದೂ ಸುಲಭವಾಗಿ ಬರಲಿಲ್ಲ, ಅದನ್ನೆಲ್ಲ ಈಗ ಹೇಳಿ ನಿಮಗೆ ನಿದ್ದೆ ಬರಿಸುವುದಿಲ್ಲ. ನನ್ನ ಪ್ರತಿ ಕ್ಲಾಸಿನಲ್ಲೂ ಒಂದು ಟವಲ್ಲು ಇರುತ್ತಿತ್ತು ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಈಗ ನೀವಿಬ್ಬರೂ ಕೆ.ಆರ್. ನಗರದ ಮನೆಯಲ್ಲಿ ಬೆಳೆಯುತ್ತಿದ್ದೀರಿ. ಶಾಲೆಯ ವ್ಯಾನು ಬಾಗಿಲಿಗೇ ಬರುತ್ತದೆ. ಇನ್ನೊಂದು ದೋಸೆ ಬೇಕಾದರೂ ಇಂಗ್ಲಿಷಿನಲ್ಲಿ ಕೇಳುತ್ತೀರಿ, ನನಗೆ ಅದನ್ನು ಕೇಳಲು ಹೆಮ್ಮೆ. ಊರಿನ ನಾಟಿಗೆ ಈಗ ಎಚ್.ಡಿ. ಕೋಟೆ ಕಡೆಯಿಂದ ಗೂಡ್ಸ್ ಆಟೋದಲ್ಲಿ ಜನ ಬರುತ್ತಾರೆ, ಗಂಡಸರು ಹೆಂಗಸರು ಒಂದೇ ಸಾಲಿನಲ್ಲಿ ಕೂತು ನೆಡುತ್ತಾರೆ, ಯಾರೂ ನಗುವುದಿಲ್ಲ. ದೊಡ್ಡವ್ವನ ಮರಿಮಕ್ಕಳಿಗೆ ಮುಯ್ಯಿ ಅಂದರೆ ಮದುವೆ ಮನೆಯಲ್ಲಿ ಕೊಡುವ ಉಡುಗೊರೆ ಅಷ್ಟೇ.

ಹೋದ ವಾರ ನಿಮ್ಮಲ್ಲಿ ಚಿಕ್ಕವಳು ಹೋಂವರ್ಕ್ ತಂದಳು. ಮನೆಯವರ ಬಗ್ಗೆ ಸಿಂಪಲ್ ಪ್ರೆಸೆಂಟಿನಲ್ಲಿ ಹತ್ತು ವಾಕ್ಯ. ಒಂಬತ್ತು ಅವಳೇ ಬರೆದಿದ್ದಳು. "ಅಜ್ಜಿ, ಒಂದು ನೀವು ಹೇಳಿ," ಅಂದಳು. ನಾನು ಹೇಳಿದೆ, "ಮೈ ಫಾದರ್ ಡಸ್ ಮೈ ವರ್ಕ್."

"ಅಜ್ಜಿ, ಡಸ್ ಅಲ್ಲ, ಡಿಡ್. ಮುತ್ತಜ್ಜ ಈಗ ಇಲ್ವಲ್ಲ."

ಡಿಡ್ ಎಲ್ಲಿ ಬರುತ್ತದೆ ಎಂದು ನನಗೂ ಗೊತ್ತು ಪುಟ್ಟಿ, ಮೂವತ್ತು ವರ್ಷ ಅದನ್ನೇ ಕಲಿಸಿದವಳು ನಾನು. ಮುಗಿದುಹೋದ ಕೆಲಸಕ್ಕೆ ಬರುತ್ತದೆ. ಆದರೆ ನಾನು ಪೆನ್ನು ಹಿಡಿದಾಗಲೆಲ್ಲ ಅಪ್ಪ ಅಲ್ಲಿ ಅವ್ವನ ಮತ್ತು ಅಕ್ಕನ ನಡುವೆ ಕುಕ್ಕರಗಾಲಲ್ಲಿ ಕೂತು ನನ್ನ ಸಾಲು ಹಿಡಿದಿರುತ್ತಾನೆ. ಡಸ್ ಅಂತಲೇ ಬರಿ ಎಂದೆ. ಅವಳು ಬರೆದಳು. ಗೆರೆಯಿಲ್ಲದ ಹಾಳೆ, ಸಾಲು ಸ್ವಲ್ಪ ಸೊಟ್ಟಗೆ ಹೋಯಿತು. ನಾನು ತಿದ್ದಲಿಲ್ಲ.